ಹಳೇ ಕಾರಿನ ಒಳಭಾಗ ಸರಿಪಡಿಸುವುದು: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ ಹಲಗೆ), ರೂಫ್ ಲೈನಿಂಗ್, ಡ್ಯಾಶ್‌ಬೋರ್ಡ್, ಸೀಟಿನ ರೆಕ್ಸಿನ್, ಪ್ಲಾಸ್ಟಿಕ್ ಪಟ್ಟಿಗಳು, ಕಾರ್ಪೆಟ್: ಇವುಗಳ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇವೆ. ಅಂಬಾಸಿಡರ್, ಪದ್ಮಿನಿ, ಮಾರುತಿ 800, ಜಿಪ್ಸಿ, ಝೆನ್, ಮಹೀಂದ್ರ ಜೀಪು ಇಟ್ಟುಕೊಂಡವರೇ ಹೆಚ್ಚಾಗಿ ಕೇಳುವುದರಿಂದ ಉತ್ತರಗಳೂ ಆ ಗಾಡಿಗಳ ಸುತ್ತಲೇ ಇವೆ. ಬಯಲುಸೀಮೆಯ ಕಾರಿನ ಒಳಭಾಗವನ್ನು ತಿನ್ನುವುದು ಬಿಸಿಲು, ನಮ್ಮಲ್ಲಿ ತಿನ್ನುವುದು ತೇವ. ಬೇರೆ ಊರಿನವರು ಹೇಳಿಕೊಟ್ಟ ವಿಧಾನ ಇಲ್ಲಿ ಕೈಕೊಡುವುದು ಹೆಚ್ಚಾಗಿ ಇದೇ ಕಾರಣಕ್ಕೆ.

## ಶುರು ಮಾಡುವವರಿಗೆ

ಒಳಗೆ ಎಲ್ಲಾ ಹಾಳಾಗಿದೆ. ಎಲ್ಲಿಂದ ಶುರು ಮಾಡೋದು?

ಕಾರ್ಪೆಟ್ ಎತ್ತಿ ನೋಡುವುದರಿಂದ. ನೀರು ಒಳಗೆ ಬರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಹೊಸ ರೆಕ್ಸಿನ್ ಹಾಕಿದ ಡೋರ್ ಪ್ಯಾಡ್ ಮುಂದಿನ ಕಕ್ಕಡದ (ಜೋರು ಮಳೆಯ ತಿಂಗಳು) ಹೊತ್ತಿಗೆ ಮತ್ತೆ ಉಬ್ಬಿರುತ್ತದೆ. ನೀರು ನಿಂತ ಮೇಲೆ ನೆಲದ ತುಕ್ಕು ಮತ್ತು ಟಿಂಕರಿಂಗ್, ನಂತರ ರೂಫ್ ಲೈನಿಂಗ್, ಡ್ಯಾಶ್‌ಬೋರ್ಡ್, ಡೋರ್ ಪ್ಯಾಡ್, ಕೊನೆಗೆ ಕಾರ್ಪೆಟ್ ಮತ್ತು ಸೀಟು. ಮೇಲಿನಿಂದ ಕೆಳಕ್ಕೆ ಬಂದರೆ ಗಮ್ಮು, ದೂಳು ಬಿದ್ದರೂ ಹೊಸ ಕೆಲಸದ ಮೇಲೆ ಬೀಳುವುದಿಲ್ಲ.

ಎಲ್ಲವನ್ನೂ ಒಂದೇ ದಿನ ಬಿಚ್ಚಬೇಡಿ. ಬಿಚ್ಚಿದ ಪ್ರತಿ ಭಾಗದ ಸ್ಕ್ರೂ, ಕ್ಲಿಪ್‌ಗಳನ್ನು ಬೇರೆ ಬೇರೆ ಕವರಿಗೆ ಹಾಕಿ, ಮೇಲೆ "ಎಡ ಮುಂದಿನ ಬಾಗಿಲು" ಎಂದು ಬರೆದಿಡಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿರಿ. ಎರಡು ತಿಂಗಳು ಬಿಟ್ಟು ಜೋಡಿಸುವಾಗ ಯಾವ ಉದ್ದದ ಸ್ಕ್ರೂ ಎಲ್ಲಿಯದು ಎಂದು ನೆನಪಿರುವುದಿಲ್ಲ. ಉದ್ದನೆಯದನ್ನು ತಪ್ಪು ಜಾಗಕ್ಕೆ ತಿರುಗಿಸಿದರೆ ಅದು ಹಿಂದಿನ ವೈರನ್ನೋ ಗ್ಲಾಸನ್ನೋ ಮುಟ್ಟುತ್ತದೆ.

ಮಳೆಗಾಲದಲ್ಲಿ ತೋಟದ ಕೆಲಸ ಕಮ್ಮಿ. ಆಗ ಮಾಡಬಹುದಾ?

ಬಿಚ್ಚುವುದು, ತೊಳೆಯುವುದು, ಅಳತೆ ತೆಗೆಯುವುದು, ನೀರು ಎಲ್ಲಿಂದ ಬರುತ್ತದೆ ಎಂದು ಹುಡುಕುವುದು ಮಾಡಬಹುದು. ಹುಡುಕುವುದಕ್ಕಂತೂ ಮಳೆಗಾಲವೇ ಒಳ್ಳೆಯದು. ಗಮ್ಮು ಹಚ್ಚುವುದು, ಬಣ್ಣ ಹೊಡೆಯುವುದು ಮಾತ್ರ ಬೇಡ.

ಕಾರಣ ಇದು. ರೆಕ್ಸಿನ್ ಅಂಟಿಸುವ ರಬ್ಬರ್ ಗಮ್ಮಿನ ದ್ರಾವಕ ಆರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ತಣ್ಣನೆಯ ಪದರದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ಕೈಗೆ ಒಣಗಿದಂತೆ ಅನಿಸುತ್ತದೆ, ಒತ್ತಿದರೆ ಹಿಡಿದಂತೆಯೂ ಕಾಣುತ್ತದೆ, ವಾರದಲ್ಲಿ ಅಂಚು ಬಿಡುತ್ತದೆ. ಬಣ್ಣ ಬಿಳಿಚುವುದೂ ಇದೇ ಕಾರಣಕ್ಕೆ.

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಆಗಲೂ ಬೆಳಗಿನ ಮಂಜು ಪೂರ್ತಿ ಹೋದ ಮೇಲೆ, 11 ಗಂಟೆಯಿಂದ 3 ಗಂಟೆಯೊಳಗೆ ಗಮ್ಮು, ಬಣ್ಣದ ಕೆಲಸ ಮುಗಿಸಿ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಒಂದೆರಡು ದಿನ ಕಾಯಿರಿ. ಕುಶಾಲನಗರದ ಕಡೆಯವರಿಗೆ ಇದರಲ್ಲಿ ಸ್ವಲ್ಪ ಸಲೀಸು. ಭಾಗಮಂಡಲ, ನಾಪೋಕ್ಲು ಕಡೆಯವರು ದಿನ ನೋಡಿಯೇ ಡಬ್ಬ ತೆರೆಯಬೇಕು.

ಏನೇನು ಸಾಮಾನು ತಂದಿಟ್ಟುಕೊಳ್ಳಬೇಕು?

ಪ್ಲಾಸ್ಟಿಕ್ ಟ್ರಿಮ್ ಟೂಲ್ ಒಂದು ಸೆಟ್, ಹೇರ್ ಡ್ರೈಯರ್, 1 ಲೀಟರ್ ಐಸೊಪ್ರೊಪೈಲ್ ಆಲ್ಕೊಹಾಲ್, ಫೆವಿಕಾಲ್ ಎಸ್‌ಆರ್ 998ರಂಥ ರಬ್ಬರ್ ಗಮ್ಮು 1 ಲೀಟರ್, 2 ಇಂಚಿನ ಬ್ರಷ್ಷು, 240, 400, 600ರ ವಾಟರ್ ಪೇಪರ್ (ಉಜ್ಜುವ ಕಾಗದ), ಬ್ಯೂಟೈಲ್ ಟೇಪು (ನೀರು ತಡೆಯುವ ಮೆತ್ತನೆ ಅಂಟುಪಟ್ಟಿ), ಮಾಸ್ಕಿಂಗ್ ಟೇಪು, ಒಂದಷ್ಟು ಹಳೇ ಬನಿಯನ್ ಬಟ್ಟೆ. ಸ್ಕ್ರೂಡ್ರೈವರಿನಲ್ಲಿ ಪಟ್ಟಿ ಮೀಟುವ ಅಭ್ಯಾಸ ಇದ್ದರೆ ಬಿಡಿ. ಅದು ಕ್ಲಿಪ್ಪನ್ನಲ್ಲ, ಕ್ಲಿಪ್ ಕೂರುವ ಹಲಗೆಯನ್ನೇ ಕೀಳುತ್ತದೆ. ಟ್ರಿಮ್ ಟೂಲ್ ಸಿಗದಿದ್ದರೆ ಹಳೇ ಪ್ಲಾಸ್ಟಿಕ್ ದೋಸೆ ಸಟ್ಟುಗದ ಅಂಚನ್ನು ಉಜ್ಜಿ ತೆಳ್ಳಗೆ ಮಾಡಿಕೊಂಡರೂ ನಡೆಯುತ್ತದೆ.

ಬೂಷ್ಟು ಎಷ್ಟು ಒರೆಸಿದರೂ ವಾಪಸ್ ಬರ್ತದಲ್ಲ?

ಒರೆಸಿದ್ದು ಮೇಲಿನದು, ಬೇರು ಸ್ಪಂಜಿನಲ್ಲೋ ಕಾರ್ಪೆಟ್ಟಿನ ಅಡಿಯಲ್ಲೋ ಇದೆ. ಒಣ ಬಟ್ಟೆಯಲ್ಲಿ ಕೊಡವಬೇಡಿ, ಬೀಜಕಣ ಇಡೀ ಕಾರಿಗೆ ಹರಡುತ್ತದೆ. ಮಾಸ್ಕ್ ಹಾಕಿ, ನಾಲ್ಕೂ ಬಾಗಿಲು ತೆರೆದು, ಅರ್ಧ ಬಿಳಿ ವಿನಿಗರ್ ಅರ್ಧ ನೀರು ಬೆರೆಸಿ ಬಟ್ಟೆ ಅದ್ದಿ ಒರೆಸಿ. 15 ನಿಮಿಷ ಬಿಟ್ಟು ಸೋಪಿನ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಒಣಬಟ್ಟೆಯಲ್ಲಿ ಹಿಂಡಿ ತೆಗೆಯಿರಿ. ಬ್ಲೀಚ್ ಬೇಡ. ಅದು ಸೀಟ್ ಬೆಲ್ಟನ್ನೂ ಹೊಲಿಗೆ ದಾರವನ್ನೂ ಕೊಲ್ಲುತ್ತದೆ. ಬ್ಲೀಚ್ ಮತ್ತು ವಿನಿಗರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕಾರಿನಲ್ಲಿ ಅದು ತಮಾಷೆಯಲ್ಲ.

ಒಳಗಿನ ಗಾಳಿಯ ತೇವಾಂಶ ಶೇ. 60ಕ್ಕಿಂತ ಕೆಳಗಿದ್ದರೆ ಬೂಷ್ಟು ಸಾಮಾನ್ಯವಾಗಿ ಬೆಳೆಯುವುದಿಲ್ಲ. ಜುಲೈಯಲ್ಲಿ ಇಲ್ಲಿ ಅಷ್ಟಕ್ಕೆ ಇಳಿಸುವುದು ಸುಲಭವಲ್ಲ. ಆದರೂ ಅರ್ಧ ಕಿಲೋದ ಎರಡು ಸಿಲಿಕಾ ಜೆಲ್ ಚೀಲ ಇಟ್ಟು, ಗ್ಲಾಸ್ ಪೂರ್ತಿ ಏರಿಸಿ, ಎರಡು ವಾರಕ್ಕೊಮ್ಮೆ ಜೆಲ್ಲನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಇದ್ದಿಲು ವಾಸನೆ ಹೀರುತ್ತದೆ, ನೀರನ್ನು ಹೇಳಿಕೊಳ್ಳುವಷ್ಟು ಹೀರುವುದಿಲ್ಲ. ಒದ್ದೆ ಕೊಡೆ, ಗಂಬೂಟು, ಹಸಿ ಕಾಫಿ ಹಣ್ಣಿನ ಚೀಲ ಕಾರಿನೊಳಗೆ ರಾತ್ರಿ ಬಿಟ್ಟರೆ ಯಾವ ಜೆಲ್ಲೂ ಸಾಲದು.

ಡ್ಯಾಶ್‌ಬೋರ್ಡಿಗೆ ತೆಂಗಿನೆಣ್ಣೆ ಹಚ್ಚಿದರೆ ಹೊಳಪು ಬರ್ತದೆ ಅಂತಾರೆ, ನಿಜವಾ?

ಒಂದು ದಿನ ಬರುತ್ತದೆ. ಆಮೇಲೆ ಅದಕ್ಕೆ ದೂಳು ಅಂಟುತ್ತದೆ, ಎಣ್ಣೆ ಕಮಟುತ್ತದೆ, ಬೂಷ್ಟಿಗೆ ಊಟವಾಗುತ್ತದೆ. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಇನ್ನೂ ಕೆಟ್ಟವು. ರೆಕ್ಸಿನ್ ಮೆತ್ತಗಿರಲು ಸೇರಿಸಿದ ಅಂಶವನ್ನೇ ಅವು ಎಳೆದು ತೆಗೆಯುತ್ತವೆ. ಸಿಲಿಕೋನ್ ಪಾಲಿಶ್ ಬಗ್ಗೆಯೂ ಒಂದು ಮಾತು: ಮುಂದೆ ಆ ಭಾಗಕ್ಕೆ ಬಣ್ಣ ಹೊಡೆಯುವ ಯೋಚನೆ ಇದ್ದರೆ ಈಗಲೇ ನಿಲ್ಲಿಸಿ. ಸಿಲಿಕೋನ್ ಉಳಿದ ಕಡೆ ಬಣ್ಣ ಮೀನಿನ ಕಣ್ಣಿನಂತೆ ಗುಂಡಿ ಗುಂಡಿಯಾಗಿ ಹಿಂದೆ ಸರಿಯುತ್ತದೆ.

## ನೀರು ಮತ್ತು ಬಿಚ್ಚುವಿಕೆ

ಕಾಲಡಿಯ ಕಾರ್ಪೆಟ್ ಯಾವಾಗಲೂ ಒದ್ದೆ. ನೀರು ಎಲ್ಲಿಂದ ಬರ್ತಿದೆ ಅಂತ ಕಂಡುಹಿಡಿಯೋದು ಹೇಗೆ?

ಮೊದಲು ನೀರನ್ನು ಮುಟ್ಟಿ, ಮೂಸಿ ನೋಡಿ. ಬಣ್ಣ ಇದ್ದು, ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಹೀಟರಿನಿಂದ ಸೋರುವ ಕೂಲೆಂಟ್. ಎಸಿ ಹಾಕಿದಾಗ ಮಾತ್ರ ಎಡಗಡೆ ತಿಳಿನೀರು ಬರುತ್ತಿದ್ದು, ಕಾರಿನ ಕೆಳಗೆ ಹನಿ ಬೀಳದಿದ್ದರೆ ಎಸಿ ನೀರಿನ ಪೈಪು ಕಟ್ಟಿದೆ. ಇವೆರಡೂ ಅಲ್ಲದಿದ್ದರೆ ಮಳೆನೀರು.

ಮಳೆನೀರಿಗೆ ತೋಟದ ಊರಿನಲ್ಲಿ ಮೊದಲು ನೋಡಬೇಕಾದ ಜಾಗ ಬಾನೆಟ್ಟಿಗೂ ಮುಂದಿನ ಗ್ಲಾಸಿಗೂ ನಡುವಿನ ಜಾಲರಿ. ಸಿಲ್ವರ್ ಓಕ್ ಎಲೆ ಅದರೊಳಗೆ ಇಳಿದು, ಕೊಳೆತು ಗೊಬ್ಬರವಾಗಿ, ನೀರು ಹೋಗುವ ತೂತನ್ನು ಮುಚ್ಚುತ್ತದೆ. ನೀರು ಅಲ್ಲೇ ಕೆರೆ ಕಟ್ಟಿ, ಬ್ಲೋವರ್ ಬಾಯಿಯಿಂದ ಒಳಗೆ ಇಳಿಯುತ್ತದೆ. ಕೈ ಹಾಕಿ ಎಲೆ ತೆಗೆದು, ಒಂದು ಚೊಂಬು ನೀರು ಹೊಯ್ದು, ಎರಡೂ ಬದಿಯ ಚಕ್ರದ ಹತ್ತಿರ ಇಳಿಯುತ್ತದೆಯೇ ನೋಡಿ.

ಅಲ್ಲೂ ಸರಿ ಇದ್ದರೆ ಕಾರ್ಪೆಟ್ ಪೂರ್ತಿ ತೆಗೆದು, ನೆಲ ಒಣಗಿಸಿ, ಪೇಪರ್ ಹಾಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನಿಧಾನಕ್ಕೆ ನೀರು ಬಿಡಬೇಕು. ಕೆಳಗಿನಿಂದ ಮೇಲಕ್ಕೆ ಬನ್ನಿ: ಬಾಗಿಲಿನ ತಳ 5 ನಿಮಿಷ, ಬಾಗಿಲಿನ ರಬ್ಬರ್ ಬೀಡಿಂಗ್ 5 ನಿಮಿಷ, ಮುಂದಿನ ಗ್ಲಾಸಿನ ಕೆಳಗಿನ ರಬ್ಬರ್, ಮೇಲಿನ ರಬ್ಬರ್, ಕೊನೆಗೆ ಟಾಪು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲಾ ಕಡೆ ಹರಿದು ಯಾವುದು ಕಳ್ಳ ಎಂದು ಗೊತ್ತಾಗುವುದಿಲ್ಲ.

ಕಾರ್ಪೆಟ್ ಅಡಿಯ ಗೋಣಿನಾರಿನ ಹಾಸು ಒಣಗಿಸಿ ಮತ್ತೆ ಹಾಕಬಹುದಾ?

ಗಟ್ಟಿ ಇದ್ದರೆ ಹಾಕಬಹುದು. ಕಾಫಿ ಕಣದಲ್ಲಿ ಮೂರು ನಾಲ್ಕು ದಿನ ತಿರುವಿ ಹಾಕಿ ಒಣಗಿಸಿ. ಮೇಲೆ ಒಣಗಿದ್ದರೂ ನಡುವೆ ವಾರಗಟ್ಟಲೆ ತೇವ ಉಳಿಯುತ್ತದೆ. ಎರಡು ಅಂಗೈ ನಡುವೆ ಒತ್ತಿ ಹಿಡಿದು ತಣ್ಣಗೆ ಅನಿಸಿದರೆ ಇನ್ನೂ ಒಣಗಿಲ್ಲ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಹಾಕುವವರಿದ್ದಾರೆ. ಒಣಗುತ್ತದೇನೋ ನಿಜ, ಹೊಗೆ ವಾಸನೆ ಮಾತ್ರ ಮುಂದಿನ ವರ್ಷದವರೆಗೂ ಕಾರಿನಲ್ಲಿ ಇರುತ್ತದೆ. ಹಿಡಿದರೆ ಪುಡಿಯಾಗುವಂತಿದ್ದರೆ ಎಸೆದು, ನೀರು ಹೀರದ 5 ಅಥವಾ 6 ಮಿ.ಮೀ. ಕ್ರಾಸ್‌ಲಿಂಕ್ ಫೋಮ್ ಹಾಕಿ.

ಡೋರ್ ಪ್ಯಾಡ್ ಬಿಚ್ಚುವಾಗ ಅರ್ಧಕ್ಕರ್ಧ ಕ್ಲಿಪ್ ಮುರಿದು ಹೋಯ್ತು. ನನ್ನ ತಪ್ಪಾ?

ಬೆಳಿಗ್ಗೆ ಬಿಚ್ಚಿದ್ದರೆ ಅದೇ ತಪ್ಪು. ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ 20 ವರ್ಷದ ಪ್ಲಾಸ್ಟಿಕ್ ಕ್ಲಿಪ್ ಹಪ್ಪಳದ ಹಾಗೆ. ಕಾರನ್ನು ಒಂದು ಗಂಟೆ ಬಿಸಿಲಿಗೆ ನಿಲ್ಲಿಸಿ, ಇಲ್ಲವೇ ಪ್ರತಿ ಕ್ಲಿಪ್ಪಿನ ಜಾಗಕ್ಕೆ ಅರ್ಧ ನಿಮಿಷ ಹೇರ್ ಡ್ರೈಯರ್ ಹಿಡಿದು, ಟೂಲಿನ ಬಾಯಿ ಕ್ಲಿಪ್ಪಿನ ಕತ್ತಿನ ಎರಡೂ ಬದಿಗೆ ಬರುವಂತೆ ತಳ್ಳಿ ಎತ್ತಿ. ಪ್ಯಾಡಿನ ಅಂಚು ಹಿಡಿದು ಎಳೆಯಬಾರದು.

ಆದರೂ ಕೆಲವು ಮುರಿಯುತ್ತವೆ. ಹೊಸದು ತರುವಾಗ ಬಾಗಿಲಿನ ತೂತಿನ ವ್ಯಾಸ, ಪ್ಯಾಡಿನ ತೂತಿನ ವ್ಯಾಸ, ಕ್ಲಿಪ್ಪಿನ ಕಾಲಿನ ಉದ್ದ ಮೂರನ್ನೂ ಅಳೆದುಕೊಂಡು ಹೋಗಿ, ಬೇಕಾದದ್ದಕ್ಕಿಂತ ಹತ್ತು ಜಾಸ್ತಿ ತನ್ನಿ. "ಎಲ್ಲಾ ಮಾರುತಿಗೂ ಒಂದೇ" ಎಂದು ಕೊಟ್ಟದ್ದು ಅರ್ಧ ಮಿಲಿಮೀಟರ್ ದಪ್ಪ ಇದ್ದರೂ ತೂತಿಗೆ ಹೋಗುವುದಿಲ್ಲ.

ಗ್ಲಾಸ್ ಹ್ಯಾಂಡಲಿಗೆ ಸ್ಕ್ರೂವೇ ಕಾಣೋದಿಲ್ಲ. ಹೇಗೆ ತೆಗೆಯೋದು?

ಹಳೇ ಮಾರುತಿಗಳಂಥ ಗಾಡಿಗಳಲ್ಲಿ ಹ್ಯಾಂಡಲಿನ ಹಿಂದೆ ಕುದುರೆ ಲಾಳದ ಆಕಾರದ ತಂತಿ ಲಾಕ್ ಇರುತ್ತದೆ. ಎರಡು ಬೆರಳಗಲದ ಗಟ್ಟಿ ಬಟ್ಟೆಯ ಪಟ್ಟಿಯನ್ನು ಹ್ಯಾಂಡಲಿಗೂ ಪ್ಯಾಡಿಗೂ ನಡುವೆ ತೂರಿಸಿ, ಎರಡೂ ತುದಿ ಹಿಡಿದು ಮಜ್ಜಿಗೆ ಕಡೆದ ಹಾಗೆ ಎಡಕ್ಕೂ ಬಲಕ್ಕೂ ಎಳೆಯಿರಿ. ಬಟ್ಟೆ ಲಾಕಿನ ತುದಿಗೆ ಸಿಕ್ಕಿ ಅದನ್ನು ಹೊರಗೆ ಎಳೆಯುತ್ತದೆ. ಇನ್ನೊಂದು ಕೈ ಅಡ್ಡ ಇರಲಿ, ಲಾಕ್ ಚಿಮ್ಮಿ ಹೋದರೆ ಸೀಟಿನಡಿ ಹುಡುಕುವುದೇ ಕೆಲಸ. ವಾಪಸ್ ಹಾಕುವಾಗ ಲಾಕನ್ನು ಮೊದಲೇ ಹ್ಯಾಂಡಲಿಗೆ ಕೂರಿಸಿ, ಹ್ಯಾಂಡಲನ್ನು ಒತ್ತಿದರೆ ಸಾಕು.

ಡೋರ್ ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದಿತ್ತು, ಕಿತ್ತು ಬಿಸಾಡಿದೆ. ಪರವಾಗಿಲ್ಲ ಅಲ್ವಾ?

ಪರವಾಗಿದೆ. ಡೋರ್ ಪ್ಯಾಡ್ ಉಬ್ಬುವುದಕ್ಕೆ ಮೊದಲ ಕಾರಣವೇ ಅದು. ಗ್ಲಾಸಿನ ಮೇಲೆ ಬಿದ್ದ ಮಳೆ ಬಾಗಿಲಿನ ಒಳಗೆ ಇಳಿಯುವುದು ಸಹಜ, ಅದಕ್ಕೇ ತಳದಲ್ಲಿ ತೂತುಗಳಿವೆ. ಇಳಿಯುವ ನೀರು ಪ್ಯಾಡನ್ನು ಮುಟ್ಟದಂತೆ ತಡೆಯುವುದು ಆ ಹಾಳೆ.

200 ಮೈಕ್ರಾನ್ ಪಾಲಿಥೀನ್ ಹಾಳೆಯನ್ನು ಬಾಗಿಲಿನ ಅಳತೆಗೆ ಕತ್ತರಿಸಿ, ಮೂರು ಬದಿಗೆ ಬ್ಯೂಟೈಲ್ ಟೇಪು ಕೊಟ್ಟು ಒತ್ತಿ. ಕೆಳಗಿನ ಅಂಚನ್ನು ಮಾತ್ರ ಬಾಗಿಲಿನ ಕೆಳಗಿನ ಸೀಳಿನ ಒಳಕ್ಕೆ ತೂರಿಸಬೇಕು. ಹಾಳೆಯ ಮೇಲೆ ಇಳಿದ ನೀರು ಬಾಗಿಲಿನೊಳಗೇ ಹೋಗಬೇಕು. ಕೆಳಗಿನ ಅಂಚನ್ನು ಹೊರಗೆ ಇಟ್ಟು ಟೇಪು ಹಚ್ಚಿದರೆ ನೀರನ್ನು ನಾವೇ ಪ್ಯಾಡಿಗೆ ದಾರಿ ತೋರಿಸಿ ಕಳಿಸಿದಂತೆ. ಬಾಗಿಲಿನ ತಳದ ತೂತುಗಳನ್ನು ಹಿಡಿಕಡ್ಡಿಯಿಂದ ಚುಚ್ಚಿ ಬಿಡಿಸಿ.

## ಕೈ ಕೂತವರಿಗೆ

ಡೋರ್ ಪ್ಯಾಡ್ ಹಲಗೆಯೇ ಉಬ್ಬಿ ಪುಡಿಯಾಗಿದೆ. ಹೊಸದು ಮನೆಯಲ್ಲೇ ಮಾಡಬಹುದಾ?

ಮಾಡಬಹುದು, ಚೆನ್ನಾಗಿಯೂ ಬರುತ್ತದೆ. ಚಪ್ಪಟೆ ಪ್ಯಾಡ್ ಇರುವ ಗಾಡಿಗಳಿಗೆ ಮಾತ್ರ, ಅಚ್ಚಿನಲ್ಲಿ ಒತ್ತಿ ಮಾಡಿದ ಉಬ್ಬುತಗ್ಗಿನ ಪ್ಯಾಡಿಗೆ ಗುಜರಿಯೇ ಗತಿ.

ಹಳೇ ಪ್ಯಾಡಿನ ರೆಕ್ಸಿನ್ ಬಿಡಿಸಿ, ಹಲಗೆಯನ್ನು ಕಾರ್ಡ್‌ಬೋರ್ಡ್ ಮೇಲಿಟ್ಟು ಗೆರೆ ಎಳೆಯಿರಿ. ಉಬ್ಬಿದ ಕೆಳಭಾಗದ ಅಳತೆ ನಂಬಬೇಡಿ. ಅದನ್ನು ಎದುರಿನ ಬಾಗಿಲಿನ ಪ್ಯಾಡಿನಿಂದ ತಿರುವಿ ತೆಗೆದುಕೊಳ್ಳಿ. ಕಾರ್ಡ್‌ಬೋರ್ಡನ್ನು ಬಾಗಿಲಿಗೆ ಹಿಡಿದು ಎಲ್ಲ ತೂತೂ ಕೂರುತ್ತವೆ ಎಂದು ಖಾತ್ರಿಯಾದ ಮೇಲೆ ಹಲಗೆ ಕತ್ತರಿಸಿ.

ಹಲಗೆಗೆ ಎರಡು ದಾರಿ. 3 ಮಿ.ಮೀ. ಪಿವಿಸಿ ಫೋಮ್ ಶೀಟು ನೀರಿಗೆ ಜಗ್ಗುವುದಿಲ್ಲ, ಚಾಕುವಿನಲ್ಲೇ ಕತ್ತರಿಸಬಹುದು. ಆದರೆ ಬೇಸಿಗೆಯಲ್ಲಿ ಮೈಸೂರಿನ ಬಿಸಿಲಿನಲ್ಲಿ ಗ್ಲಾಸ್ ಮುಚ್ಚಿ ನಿಲ್ಲಿಸುವ ಕಾರಾದರೆ ಕ್ಲಿಪ್‌ಗಳ ನಡುವೆ ಅಲೆಯಾಗಿ ಬಾಗಬಹುದು. ಇನ್ನೊಂದು, ಐಎಸ್ 710 ಗುರುತಿನ 4 ಮಿ.ಮೀ. ಮೆರೈನ್ ಪ್ಲೈವುಡ್. ನಮ್ಮ ಮತ ಪ್ಲೈವುಡ್ಡಿಗೆ. ಕತ್ತರಿಸಿ, ತೂತು ಕೊರೆದು, ನಂತರವೇ ಎರಡೂ ಮೈಗೂ ಅಂಚಿಗೂ ಪ್ರತಿ ತೂತಿನ ಒಳಗಿಗೂ ಎರಡು ಕೋಟು ವಾರ್ನಿಷ್ ಕೊಡಿ. ನೀರು ಏರುವುದು ಅಂಚಿನಿಂದ, ಮೈಯಿಂದಲ್ಲ. ತೂತಿನ ಒಳಗೆ ಬಳಿಯುವುದನ್ನು ಮರೆತದ್ದರಿಂದಲೇ ಎಷ್ಟೋ ಹೊಸ ಪ್ಯಾಡುಗಳು ಮತ್ತೆ ಕ್ಲಿಪ್ಪಿನ ಸುತ್ತ ಉಬ್ಬಿವೆ.

ದಪ್ಪದ ಲೆಕ್ಕವನ್ನೂ ಮರೆಯಬೇಡಿ. ಹಳೇ ಹಾರ್ಡ್‌ಬೋರ್ಡ್ ಸುಮಾರು 3 ಮಿ.ಮೀ., ಕ್ಲಿಪ್ಪಿನ ಕತ್ತು ಅಷ್ಟಕ್ಕೇ ಮಾಡಿದ್ದು. 4 ಮಿ.ಮೀ. ಹಲಗೆ ಹಾಕಿದರೆ ಕ್ಲಿಪ್ ಕೂರುವ ಸುತ್ತ, ಹಿಂಬದಿಯಿಂದ, ಒಂದು ಮಿಲಿಮೀಟರ್ ಉಳಿಯಲ್ಲಿ ಕೆತ್ತಬೇಕು.

ರೆಕ್ಸಿನ್ ಕತ್ತರಿಸುವಾಗ ಸುತ್ತಲೂ 25 ಮಿ.ಮೀ. ಬಿಡಿ. ಹಲಗೆಗೂ 3 ಮಿ.ಮೀ. ಸ್ಪಂಜಿಗೂ ತೆಳುವಾಗಿ ಗಮ್ಮು ಹಚ್ಚಿ, 10–15 ನಿಮಿಷ ಕಾದು, ಬೆರಳಿಟ್ಟರೆ ಅಂಟದೇ ಎಳೆದಂತೆ ಅನಿಸಿದಾಗ ಜೋಡಿಸಿ. ಸ್ಪಂಜಿನ ಮೇಲೆ ರೆಕ್ಸಿನ್ ಹಾಸಿ, ಮಗುಚಿ, ಮಡಿಕೆಗೆ ಮಾತ್ರ ಗಮ್ಮು ಕೊಡಿ. ನಾಲ್ಕು ಬದಿಯ ನಡುಭಾಗ ಮೊದಲು, ನಂತರ ಮೂಲೆ ಕಡೆಗೆ. ಹೊರಕ್ಕೆ ದುಂಡಾದ ಮೂಲೆಯಲ್ಲಿ ಮಡಿಕೆಯಿಂದ ಚಿಕ್ಕ ಚಿಕ್ಕ ತ್ರಿಕೋನ ಕತ್ತರಿಸಿ ತೆಗೆಯಿರಿ, ಅಂಚಿಗೆ 3 ಮಿ.ಮೀ. ಇರುವಾಗಲೇ ಕತ್ತರಿ ನಿಲ್ಲಲಿ. ಸ್ಟೇಪ್ಲರ್ ಪಿನ್ ಹೊಡೆಯಬೇಡಿ. ಇಲ್ಲಿನ ತೇವಕ್ಕೆ ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿದು, ಕೆಂಪು ಗೆರೆ ರೆಕ್ಸಿನ್ನಿಗೆ ಇಳಿಯುತ್ತದೆ.

ಮೂಲ ಪ್ಯಾಡಿನಲ್ಲಿ ಶಾಖದಿಂದ ಒತ್ತಿದ ಗೆರೆಗಳಿದ್ದರೆ ಅದು ಮನೆಯಲ್ಲಿ ಆಗುವುದಿಲ್ಲ. ರೆಕ್ಸಿನ್ನಿಗೆ ಸ್ಪಂಜು ಸೇರಿಸಿ ಕುಶನ್ ವರ್ಕ್ಸ್‌ನಲ್ಲಿ ಅದೇ ಜಾಗಕ್ಕೆ ಹೊಲಿಗೆ ಹಾಕಿಸಿಕೊಂಡು ಬಂದು ಹೊದಿಸಿ.

ರೂಫ್ ಲೈನಿಂಗ್ ಜೋತು ಬಿದ್ದು ತಲೆಗೆ ತಾಗ್ತದೆ. ಬಟ್ಟೆ ಚೆನ್ನಾಗೇ ಇದೆ, ಮತ್ತೆ ಅಂಟಿಸಿದರೆ ಸಾಕಲ್ವಾ?

ಸಾಲದು. ಬಟ್ಟೆಯ ಹಿಂದಿನ 3 ಮಿ.ಮೀ. ಸ್ಪಂಜು ಪುಡಿಯಾಗಿರುತ್ತದೆ, ಗಮ್ಮು ಹಿಡಿಯುವುದು ಆ ಪುಡಿಯನ್ನು. ಪಿನ್ ಚುಚ್ಚಿದ್ದು, ಸಿರಿಂಜಿನಲ್ಲಿ ಗಮ್ಮು ಬಿಟ್ಟಿದ್ದು ಎಲ್ಲಾ ಬರೀ ಕಲೆಯಾಗಿ ಕಾಣುತ್ತದೆ.

ಇದು ಹಲಗೆಗೆ ಅಂಟಿಸಿದ ಬಗೆಯ ಲೈನಿಂಗಿನ ಮಾತು. ಹಲಗೆಯನ್ನು ಇಬ್ಬರು ಹಿಡಿದು, ಬಾಗದಂತೆ, ಹಿಂದಿನ ಬಾಗಿಲಿನಿಂದ ಹೊರಗೆ ತೆಗೆಯಿರಿ. ನಡು ಮುರಿದರೆ ಗೆರೆ ಕೊನೆಯವರೆಗೂ ಕಾಣುತ್ತದೆ. ಬಟ್ಟೆ ಕಿತ್ತು, ನೈಲಾನ್ ಬ್ರಷ್ಷಿನಲ್ಲಿ ಹಳೇ ಸ್ಪಂಜಿನ ಪುಡಿಯನ್ನು ಪೂರ್ತಿ ತೆಗೆಯಬೇಕು. ಇಡೀ ಕೆಲಸದ ಮುಕ್ಕಾಲು ಪಾಲು ಸಮಯ ಇದಕ್ಕೇ ಹೋಗುತ್ತದೆ, ಹೋಗಲಿ. ಕೈ ಸವರಿದರೆ ಪುಡಿ ಅಂಟಬಾರದು.

ಚಿಕ್ಕ ಕಾರಿಗೆ ಒಂದೂವರೆ ಮೀಟರ್ ಅಗಲದ ಸ್ಪಂಜು ಸೇರಿದ ಬಟ್ಟೆ 2 ಮೀಟರ್ ಸಾಕು. ಬಟ್ಟೆಯನ್ನು ಹಲಗೆಯ ಮೇಲೆ ಹಾಸಿ, ಅರ್ಧ ಹಿಂದಕ್ಕೆ ಮಡಿಸಿ, ಎರಡೂ ಕಡೆ ಗಮ್ಮು ಹಚ್ಚಿ ಕಾಯಿರಿ. ಸ್ಪಂಜಿನ ಮೇಲೆ ಗಮ್ಮು ದಪ್ಪವಾದರೆ ನೆನೆದು ಮುಂದಕ್ಕೆ ಬಂದು ಗಟ್ಟಿ ಕಲೆ ಬೀಳುತ್ತದೆ. ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಸವರುತ್ತಾ ಕೂರಿಸಿ, ತಗ್ಗುಗಳಲ್ಲಿ ಬಟ್ಟೆಯನ್ನು ಎಳೆಯದೆ ಒಳಕ್ಕೆ ಒತ್ತಿ. ಎಳೆದು ಅಂಟಿಸಿದ ತಗ್ಗು ಮುಂದಿನ ಬೇಸಿಗೆಗೆ ಎದ್ದು ನಿಲ್ಲುತ್ತದೆ. ನಂತರ ಉಳಿದರ್ಧ. ಒಂದು ರಾತ್ರಿ ಬಿಟ್ಟು ತೂತುಗಳನ್ನು ಕತ್ತರಿಸಿ. ಗಮ್ಮಿನ ಆವಿಗೆ ಬೆಂಕಿ ಹಿಡಿಯುತ್ತದೆ, ತಲೆಯೂ ಸುತ್ತುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಬೇಡ.

ನನ್ನದು ಅಂಬಾಸಿಡರ್. ಅದರ ಲೈನಿಂಗಿಗೆ ಹಲಗೆಯೇ ಇಲ್ಲವಲ್ಲ?

ಅದು ತಂತಿ ಕಮಾನುಗಳಿಗೆ ತೂಗುಹಾಕಿದ ರೆಕ್ಸಿನ್. ಅಡ್ಡಡ್ಡ ಹೊಲಿಗೆ ಗೆರೆ ಕಂಡರೆ ಈ ಬಗೆ ಎಂದು ತಿಳಿಯಿರಿ. ತಂತಿ ತೆಗೆಯುವಾಗ ಪ್ರತಿಯೊಂದಕ್ಕೂ ಮಾಸ್ಕಿಂಗ್ ಟೇಪು ಸುತ್ತಿ, ಮುಂದಿನಿಂದ 1, 2, 3 ಎಂದೂ ಯಾವುದು ಎಡತುದಿ ಎಂದೂ ಬರೆಯಿರಿ. ಕಮಾನಿನ ಬಾಗು ಒಂದೊಂದಕ್ಕೂ ಬೇರೆ. ಹೊಲಿಸಲು ಹಳೆಯದನ್ನೇ ಮಾದರಿಯಾಗಿ ಕೊಡಿ. ಹೊಸದನ್ನು ಒಂದು ಗಂಟೆ ಬಿಸಿಲಿಗೆ ಹಾಕಿ ಮೆತ್ತಗಾದ ಮೇಲೆ ತೂಗಿಸಿ, ಮುಂದೆ ಹಿಂದೆ ನಡುವನ್ನು ಕಾಗದದ ಕ್ಲಿಪ್ ಹಾಕಿ ಹಿಡಿಸಿ, ಬಿಗಿ ನೋಡಿಕೊಂಡು ಬದಿಗಳಿಗೆ ಬನ್ನಿ. ಎಲ್ಲಾ ಸರಿ ಕೂತ ಮೇಲೆಯೇ ಅಂಚಿಗೆ ಗಮ್ಮು. ಉಳಿದ ಸಣ್ಣ ಸುಕ್ಕು ಹೇರ್ ಡ್ರೈಯರಿಗೆ ಹೋಗುತ್ತದೆ.

ಸೀಟಿನ ರೆಕ್ಸಿನ್ ಎರಡು ಇಂಚು ಹರಿದಿದೆ. ಫೆವಿಕ್ವಿಕ್ ಹಾಕಲಾ?

ಬೇಡ, ಅದು ಗಾಜಿನಂತೆ ಗಟ್ಟಿಯಾಗಿ ಪಕ್ಕದಲ್ಲೇ ಹೊಸ ಹರಕು ಮಾಡುತ್ತದೆ. ಹರಿದ ಬಾಯಿಯೊಳಗೆ, ಸುತ್ತಲೂ 2 ಸೆ.ಮೀ. ದೊಡ್ಡದಾದ ಕ್ಯಾನ್ವಾಸ್ ತುಂಡನ್ನು ಚಿಮಟದಲ್ಲಿ ತೂರಿಸಿ ಹರಡಿ. ರೆಕ್ಸಿನ್ನಿನ ಒಳಮೈಗೆ ಬಾಗುವ ಗುಣದ ವಿನೈಲ್ ಗಮ್ಮು ಹಚ್ಚಿ ಒತ್ತಿ, ಮೇಲೆ ಭಾರ ಇಟ್ಟು ಒಂದು ರಾತ್ರಿ ಬಿಡಿ. ಹೊಲಿಗೆಯ ಮೇಲೇ ಹರಿದಿದ್ದರೆ ಅಥವಾ ಕೂರುವ ಜಾಗದ ನಡುವೆ ಇದ್ದರೆ ತೇಪೆ ನಿಲ್ಲುವುದಿಲ್ಲ, ಆ ಒಂದು ಪಟ್ಟಿಯನ್ನು ಬದಲಿಸಿ ಹೊಲಿಸಿ.

ಸ್ವಿಚ್ಚು, ಹ್ಯಾಂಡಲ್ ಎಲ್ಲಾ ಬೆಲ್ಲದ ಹಾಗೆ ಅಂಟ್ತವೆ. ಯಾಕೆ?

ಮೇಲಿನ ಮೆತ್ತನೆ ರಬ್ಬರ್ ಲೇಪ ತೇವಕ್ಕೆ ಕೆಟ್ಟು ಕರಗುತ್ತಿದೆ. ಉಳಿಸಲು ಆಗದು, ತೆಗೆಯಬಹುದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬಟ್ಟೆ ನೆನೆಸಿ ಉಜ್ಜಿದರೆ ಕಪ್ಪು ಮೇಣದಂತೆ ಬರುತ್ತದೆ, ಕೆಳಗೆ ಗಟ್ಟಿ ಪ್ಲಾಸ್ಟಿಕ್ ಸಿಗುತ್ತದೆ. ಅಕ್ಷರ, ಚಿಹ್ನೆ ಇರುವಲ್ಲಿ ಮೆಲ್ಲಗೆ, ಅವೂ ಜೊತೆಗೆ ಹೋಗುತ್ತವೆ.

## ಹೆಚ್ಚಿನ ಕೆಲಸ

ಒಡೆದ ಪ್ಲಾಸ್ಟಿಕ್ ಯಾವ ಜಾತಿಯದು ಅಂತ ಹೇಗೆ ತಿಳಿಯೋದು?

ತುಂಡಿನ ಹಿಂದೆ ಎಬಿಎಸ್, ಪಿಪಿ, ಪಿವಿಸಿ ಎಂದು ಅಚ್ಚು ಇರಬಹುದು. ಇಲ್ಲದಿದ್ದರೆ ಒಂದು ಚೂರನ್ನು ನೀರಿಗೆ ಹಾಕಿ: ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಕಾಣದ ಜಾಗಕ್ಕೆ ಒಂದು ಹನಿ ಅಸಿಟೋನ್ ಬಿಟ್ಟು ನೋಡಿ, ಎಬಿಎಸ್ ಅಂಟಾಗುತ್ತದೆ, ಪಿಪಿಗೆ ಏನೂ ಆಗುವುದಿಲ್ಲ. ಈ ವ್ಯತ್ಯಾಸ ಏಕೆ ಮುಖ್ಯ ಎಂದರೆ ಪಿಪಿಗೆ ಎಂ-ಸೀಲ್, ಎಪಾಕ್ಸಿ, ಸಾಮಾನ್ಯ ಬಣ್ಣ ಯಾವುದೂ ಹಿಡಿಯುವುದಿಲ್ಲ. ಅದನ್ನು ಪಿಪಿ ಕಡ್ಡಿ ಹಾಕಿ ಶಾಖದಿಂದ ಬೆಸೆಯಬೇಕು.

ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿದೆ. ಗೊತ್ತಾಗದ ಹಾಗೆ ಮುಚ್ಚಬಹುದಾ?

ಗಟ್ಟಿ ಮಾಡಬಹುದು, ಗೊತ್ತಾಗದ ಹಾಗೆ ಮಾಡುವುದು ಕಷ್ಟ. ಎಬಿಎಸ್ ಆದರೆ ಬಿರುಕಿನ ಎರಡು ತುದಿಗೂ 3 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ಬಿರುಕು ಮುಂದಕ್ಕೆ ಓಡುತ್ತದೆ. ಅದೇ ಜಾತಿಯ ಗುಜರಿ ಎಬಿಎಸ್ ಚೂರನ್ನು ಅಸಿಟೋನಿನಲ್ಲಿ ಒಂದು ರಾತ್ರಿ ನೆನೆಸಿ, ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಹಿಂಬದಿಯಿಂದ ಸ್ಟೀಲ್ ಜಾಲರಿ ಇಟ್ಟು ಬಳಿಯಿರಿ. ಮುಂಬದಿಯಲ್ಲಿ ಬಿರುಕನ್ನು ವಿ ಆಕಾರಕ್ಕೆ ಕೆತ್ತಿ ತುಂಬಿ. ಒಣಗುವಾಗ ಕುಗ್ಗುವುದರಿಂದ ಎರಡು ಮೂರು ಸಲ ತುಂಬಬೇಕು, ಪ್ರತಿ ಸಲವೂ 24 ಗಂಟೆ ಬಿಡಬೇಕು. ಉಜ್ಜಿದ ಮೇಲೆ ಅಲ್ಲಿ ಮೂಲ ಚರ್ಮದ ಗೆರೆ ಇರುವುದಿಲ್ಲ. ನುಣುಪಾದ ತೇಪೆಗಿಂತ ಇಡೀ ಮೇಲ್ಭಾಗಕ್ಕೆ ರೆಕ್ಸಿನ್ ಹೊದಿಸುವುದೇ ನೋಡಲು ವಾಸಿ.

ಪ್ಲಾಸ್ಟಿಕ್ ಪಟ್ಟಿಗಳಿಗೆ ಬಣ್ಣ ಹೊಡೆದೆ, ಉಗುರು ತಾಗಿದರೆ ಕಿತ್ತು ಬರ್ತದೆ. ಎಲ್ಲಿ ತಪ್ಪಿತು?

ಬಣ್ಣದಲ್ಲಲ್ಲ, ತೊಳೆದದ್ದರಲ್ಲಿ. ಕ್ರಮ ಹೀಗೆ: ಸೋಪಿನ ನೀರು, ಒಣಗಿಸಿ ಆಲ್ಕೊಹಾಲಿನ ಒರೆಸು, 600ರ ವಾಟರ್ ಪೇಪರಿನಲ್ಲಿ ಹೊಳಪು ಹೋಗುವಷ್ಟು ಮಾತ್ರ ಉಜ್ಜು, ಮತ್ತೆ ಆಲ್ಕೊಹಾಲು. ಆಮೇಲೆ ಬರಿಗೈಯಲ್ಲಿ ಮುಟ್ಟಬಾರದು. ಪಿಪಿ ಆದರೆ ಅಡ್ಹೀಶನ್ ಪ್ರೊಮೋಟರ್ (ಬಣ್ಣ ಹಿಡಿಯುವಂತೆ ಮಾಡುವ ಲೇಪ) ಒಂದು ತೆಳು ಕೋಟು ಕಡ್ಡಾಯ. ಬಣ್ಣ 25 ಸೆ.ಮೀ. ದೂರದಿಂದ ಮೂರು ತೆಳು ಕೋಟು, ನಡುವೆ 10–15 ನಿಮಿಷ. ಮೊದಲ ಕೋಟಿನಲ್ಲಿ ಹಳೇ ಬಣ್ಣ ಕಾಣುತ್ತಿರಬೇಕು. ಒಂದೇ ಸಲಕ್ಕೆ ಮುಚ್ಚಲು ಹೋದರೆ ಇಳಿಯುತ್ತದೆ. ಬಣ್ಣ ಹೊಗೆ ಹಿಡಿದಂತೆ ಬಿಳಿಚಿದ್ದರೆ ತೇವ ಸಿಕ್ಕಿಕೊಂಡಿದೆ, ಒಣ ದಿನ ನೋಡಿ 600ರಲ್ಲಿ ಉಜ್ಜಿ ಮತ್ತೊಂದು ಕೋಟು ಕೊಡಿ.

ಕ್ರೋಮ್ ಪಟ್ಟಿ ಸಿಪ್ಪೆ ಏಳ್ತಿದೆ. ಬ್ರಾಸೋ ಹಾಕಿ ತಿಕ್ಕಿದರೆ ಬರ್ತದಾ?

ಪ್ಲಾಸ್ಟಿಕ್ ಮೇಲಿನ ಕ್ರೋಮ್ ಆದರೆ ತಿಕ್ಕಿದಷ್ಟೂ ಹೋಗುತ್ತದೆ. ಉಜ್ಜಿ ನುಣುಪು ಮಾಡಿ ಸ್ಯಾಟಿನ್ ಬೆಳ್ಳಿ ಬಣ್ಣ ಹೊಡೆಯಿರಿ. ಹಳೇ ಗಾಡಿಗಳ ಸ್ಟೀಲ್ ಬೀಡಿಂಗ್ ಆದರೆ ಧಾರಾಳವಾಗಿ ತಿಕ್ಕಿ.

ಮನೆಯಲ್ಲಿ ಹಳೇ ಬೀಟೆ ಹಲಗೆ ಇದೆ. ಡ್ಯಾಶ್‌ಬೋರ್ಡಿಗೆ ಹಾಕಿಸಬಹುದಾ?

ಗೇರ್ ನಾಬ್, ಸಣ್ಣ ಪಟ್ಟಿಗಳಿಗೆ ಚೆಂದ. ಇಡೀ ಡ್ಯಾಶ್‌ಬೋರ್ಡಿಗೆ ಬೇಡ, ಅಪಘಾತದಲ್ಲಿ ಎದೆಗೆ ಬಡಿಯುವುದು ಅದೇ. ಮಳೆಗಾಲಕ್ಕೂ ಬೇಸಿಗೆಗೂ ಮರ ಹಿಗ್ಗಿ ಕುಗ್ಗುವುದರಿಂದ ಸ್ಕ್ರೂ ತೂತನ್ನು 1 ಮಿ.ಮೀ. ಸಡಿಲ ಕೊರೆಯಿರಿ. ಹಿಂಬದಿಗೂ ಮುಂಬದಿಯಷ್ಟೇ ಕೋಟು ಪಾಲಿಯುರೆಥೇನ್ ಕ್ಲಿಯರ್ ಹೊಡೆಯದಿದ್ದರೆ ಹಲಗೆ ಬಾಗುತ್ತದೆ.

ಜೀಪಿನ ಹಿಂದಿನ ಬೆಂಚ್ ಸೀಟು ತೆಗೆದು ಮುಂದೆ ನೋಡಿ ಕೂರುವ ಸೀಟು ಹಾಕಿಸಬೇಕು ಅಂತಿದ್ದೇನೆ. ತೊಂದರೆ ಉಂಟಾ?

ರೆಕ್ಸಿನ್, ಸ್ಪಂಜು ಬದಲಿಸಲು ಯಾರ ಅನುಮತಿಯೂ ಬೇಡ. ಆದರೆ ಆರ್‌ಸಿಯಲ್ಲಿ ಇರುವ ಆಸನ ಸಂಖ್ಯೆ ಬದಲಾಗುವಂತಿದ್ದರೆ ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಅಡ್ಡ ಬರುತ್ತದೆ. 15 ವರ್ಷ ಮುಗಿದು ನೋಂದಣಿ ನವೀಕರಣಕ್ಕೆ ಹೋದಾಗ ಅಲ್ಲೇ ನಿಲ್ಲುತ್ತೀರಿ. ಮೊದಲು ಆರ್‌ಟಿಒದಲ್ಲಿ ಕೇಳಿ.

ಏರ್‌ಬ್ಯಾಗ್ ಇರುವ ಕಾರಿನ ಸ್ಟೇರಿಂಗ್, ಡ್ಯಾಶ್‌ಬೋರ್ಡ್ ನಾವೇ ಬಿಚ್ಚಬಹುದಾ?

ಹಳದಿ ಬಣ್ಣದ ಕನೆಕ್ಟರ್ ಕಂಡರೆ ಕೈ ನಿಲ್ಲಿಸಿ. ಬ್ಯಾಟರಿ ತೆಗೆದ ಮೇಲೂ ಸ್ವಲ್ಪ ಹೊತ್ತು ಅದರಲ್ಲಿ ಚಾರ್ಜ್ ಇರುತ್ತದೆ. ಆ ಮಾಡ್ಯೂಲ್ ಬಿಚ್ಚುವುದು ತಿಳಿದ ಮೆಕ್ಯಾನಿಕ್ಕಿನ ಕೆಲಸ. ಏರ್‌ಬ್ಯಾಗಿನ ಮುಚ್ಚಳಕ್ಕೆ ಬಣ್ಣ, ರೆಕ್ಸಿನ್, ಗಮ್ಮು ಯಾವುದೂ ಹಾಕಬಾರದು. ಅದು ಸೀಳಬೇಕಾದ ಗೆರೆಯಲ್ಲಿ ಸೀಳುವುದಿಲ್ಲ.

ಹಳೇ ಗಾಡಿಯ ಪಟ್ಟಿ, ಮುಚ್ಚಳ ಇಲ್ಲಿ ಎಲ್ಲೂ ಸಿಗೋದಿಲ್ಲವಲ್ಲ?

ಮಾರುತಿ 800 ಡಿಸೆಂಬರ್ 1983ರಿಂದ 2014ರವರೆಗೆ ತಯಾರಾದ ಗಾಡಿ, ಅದರ ಭಾಗಗಳಿಗೆ ಬರ ಇಲ್ಲ. ಆದರೆ ನಡುವೆ ಡ್ಯಾಶ್‌ಬೋರ್ಡ್, ಪ್ಯಾಡ್ ಬದಲಾಗಿವೆ, ತಯಾರಾದ ವರ್ಷ ಹೇಳಿಯೇ ಕೇಳಿ. ಅಂಬಾಸಿಡರ್, ಪದ್ಮಿನಿಗೆ ಬೆಂಗಳೂರಿನ ಜೆ.ಸಿ. ರಸ್ತೆಯನ್ನು ಒಂದು ದಿನ ಸುತ್ತಿದರೆ ಏನಾದರೂ ಸಿಗುತ್ತದೆ. ಹೋಗುವಾಗ ಫೋಟೊ ಅಲ್ಲ, ಮುರಿದ ತುಂಡನ್ನೇ ಒಯ್ಯಿರಿ. ಗುಜರಿಯಲ್ಲಿ ಕೊಳ್ಳುವ ಪ್ಯಾಡನ್ನು ತಿರುಗಿಸಿ ಕೆಳಗಿನ ಅಂಚನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ. ಮೆತ್ತಗಿದ್ದರೆ ನಿಮ್ಮದಕ್ಕಿಂತ ಅದೇನೂ ಮೇಲಲ್ಲ.

ಎಲ್ಲಾ ಜೋಡಿಸಿದ ಮೇಲೆ ಸಂಪಾಜೆ ಘಾಟಿ ಇಳಿಯುವಾಗ ಕಟಕಟ ಶಬ್ದ. ಯಾವುದರದ್ದು?

ಒಬ್ಬರು ಓಡಿಸಲಿ, ಇನ್ನೊಬ್ಬರು ಒಂದೊಂದೇ ಪಟ್ಟಿಯನ್ನು ಅಂಗೈಯಲ್ಲಿ ಒತ್ತಿ ಹಿಡಿಯಲಿ. ಯಾವುದನ್ನು ಹಿಡಿದಾಗ ನಿಲ್ಲುತ್ತದೋ ಅದನ್ನು ಬಿಚ್ಚಿ, ತಾಗುವ ಅಂಚಿಗೆ ಬಟ್ಟೆಯ ಫೆಲ್ಟ್ ಟೇಪು ಹಚ್ಚಿ. ಸ್ಪಂಜಿನ ಟೇಪು ನೀರು ಹೀರುತ್ತದೆ, ಬೇಡ. ಬಾಗಿಲಿನ ಒಳಗಿನ ಶಬ್ದ ಸಾಮಾನ್ಯವಾಗಿ ಪ್ಯಾಡಿನದ್ದಲ್ಲ, ಗ್ಲಾಸ್ ಏರಿಸಿ ಇಳಿಸುವ ಮೆಷಿನ್ನಿನ ಸಡಿಲ ಬೋಲ್ಟಿನದು.

ಇಲಿ ಬಂದು ಹೊಸ ಹಾಸನ್ನೇ ಕಡಿದು ಗೂಡು ಮಾಡಿದೆ. ಏನು ಹಾಕೋದು?

ನುಸಿಗುಳಿಗೆ, ಕರ್ಪೂರ ಯಾವುದಕ್ಕೂ ಅವು ಹೆದರುವುದಿಲ್ಲ, ವಾಸನೆ ನಮಗೇ ತಲೆನೋವು. ಬ್ಲೋವರ್ ಗಾಳಿ ಎಳೆಯುವ ಬಾಯಿಗೆ 6 ಮಿ.ಮೀ. ಕಣ್ಣಿನ ಸ್ಟೀಲ್ ಜಾಲರಿ ಹಾಕಿ, ಪೆಡಲ್ ಮತ್ತು ವೈರು ಒಳಬರುವ ತೂತುಗಳ ರಬ್ಬರ್ ಗ್ರೊಮೆಟ್ ಹೊಸದು ಹಾಕಿ. ಭತ್ತದ ಚೀಲ, ಕೋಳಿ ಮೇವು ಇರುವ ಕೊಟ್ಟಿಗೆಯಲ್ಲೇ ಕಾರು ನಿಲ್ಲಿಸುವುದಾದರೆ ವಾರಕ್ಕೊಮ್ಮೆ ಬಾನೆಟ್ ಎತ್ತಿ, ಡ್ಯಾಶ್‌ಬೋರ್ಡ್ ಅಡಿಗೆ ಟಾರ್ಚ್ ಬಿಟ್ಟು ನೋಡಬೇಕು. ಗೂಡು ಕಂಡರೆ ಮೊದಲು ವೈರಿಂಗ್ ಪರೀಕ್ಷಿಸಿ, ಹಾಸಿನ ಚಿಂತೆ ಆಮೇಲೆ.